ಹಿತ್ತಲಲ್ಲಿ ರೆಡ್‌ಕ್ಲಾ ಸಾಕಿದ್ದು, ಅದರ ನೀರಲ್ಲಿ ಬಸಳೆ ಬೆಳೆದಿದ್ದು

ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ನಮ್ಮನೆ ಹಿತ್ತಲಲ್ಲಿ 2023ರ ಆಗಸ್ಟ್‌ನಿಂದ ಒಂದು ಅಕ್ವಾಪೋನಿಕ್ಸ್ ಓಡ್ತಾ ಇದೆ. ಓಡ್ತಾ ಇದೆ ಅಂದ್ರೆ ಅರ್ಧ ಸುಳ್ಳು, ನಿಂತು, ಸೋರಿ, ಒಂದ್ಸಲ ಪೂರ್ತಿ ಕಿತ್ತು ಮತ್ತೆ ಕಟ್ಟಿ, ಈಗ ಪರವಾಗಿಲ್ಲ ಅನ್ನೋ ಹಾಗೆ ನಡೀತಿದೆ. ಕೆಳಗೆ ತೊಟ್ಟೀಲಿ ರೆಡ್‌ಕ್ಲಾ ಅನ್ನೋ ಸಿಹಿನೀರಿನ ಕ್ರೇಫಿಶ್ (ದೊಡ್ಡ ಸೀಗಡಿ ತರದ್ದು), ಮೇಲೆ ಜಲ್ಲಿ ತುಂಬಿದ ಬೆಡ್‌ನಲ್ಲಿ ಬಸಳೆ, ಹರಿವೆ, ಬೆಂಡೆ, ಕೆಸು. ತೊಟ್ಟಿಯ ಕೊಳಕು ನೀರು ಪಂಪ್‌ನಲ್ಲಿ ಮೇಲೆ ಹೋಗತ್ತೆ, ಜಲ್ಲೀಲಿರೋ ಬ್ಯಾಕ್ಟೀರಿಯಾ ಆ ಕೊಳಕಲ್ಲಿರೋ ಅಮೋನಿಯಾನ ಮೊದಲು ನೈಟ್ರೈಟ್ ಮಾಡಿ ಆಮೇಲೆ ನೈಟ್ರೇಟ್ ಮಾಡತ್ತೆ, ಗಿಡ ಅದನ್ನ ಕುಡಿಯತ್ತೆ, ನೀರು ಶುದ್ಧ ಆಗಿ ಕೆಳಗೆ ಬೀಳತ್ತೆ. ಕೇಳೋಕೆ ಇಷ್ಟೇ. ಮೀನಿಟ್ಟು ಮಾಡಿದ್ರೆ ನಿಜವಾಗ್ಲೂ ಹೆಚ್ಚುಕಮ್ಮಿ ಇಷ್ಟೇ ಇರ್ತಿತ್ತೇನೋ, ನಾನು ಹೋಗಿ ಏಡಿ ತರ ಇಕ್ಕಳದಂಥ ಕೊಂಬಿರೋ ಪ್ರಾಣಿನೇ ಬೇಕು ಅಂದ್ಕೊಂಡೆ, ಅದಕ್ಕೇ ಇಷ್ಟುದ್ದ ಬರೆಯೋ ಹಾಗಾಯ್ತು.

ಈ ಪ್ರಾಣಿಗೆ ಕನ್ನಡದಲ್ಲಿ ಹೆಸರಿಲ್ಲ. ಕ್ರೇಫಿಶ್ ಜಾತಿ ನಮ್ಮ ದೇಶದ ಹೊಳೆಗಳಲ್ಲಿ ಮೂಲದಿಂದಲೇ ಇಲ್ಲ, ಇಲ್ಲದ್ದಕ್ಕೆ ಹೆಸರು ಎಲ್ಲಿಂದ ಬರತ್ತೆ. ನಾನು ಕುಂದಾಪುರದ ಕಡೆಯವ, ನಮಗೆ ಗೊತ್ತಿರೋದು ಏಡಿ ಮತ್ತೆ ಚಟ್ಲಿ, ಅಂದ್ರೆ ಸೀಗಡಿ. ಇದು ಚಟ್ಲಿಗೆ ಏಡಿ ಕೊಂಬು ಅಂಟಿಸಿದ ಹಾಗಿದೆ. ರೆಡ್‌ಕ್ಲಾ ನಾವಿರೋ ರಾಜ್ಯ ಕ್ವೀನ್ಸ್‌ಲ್ಯಾಂಡಿನ ಉತ್ತರ ಭಾಗ ಮತ್ತೆ ಪಕ್ಕದ ನಾರ್ದರ್ನ್ ಟೆರಿಟರಿಯ ಹೊಳೆಗಳ ಪ್ರಾಣಿ, ವೈಜ್ಞಾನಿಕ ಹೆಸರು ಚೆರಾಕ್ಸ್ ಕ್ವಾಡ್ರಿಕ್ಯಾರಿನೇಟಸ್. ದೊಡ್ಡ ಗಂಡಿನ ಕೊಂಬಿನ ಹೊರ ಅಂಚಲ್ಲಿ ಕೆಂಪು ಪಟ್ಟೆ ಬರತ್ತೆ, ಹೆಣ್ಣಿಗೆ ಬರಲ್ಲ, ಹೆಸರು ಬಂದಿದ್ದು ಅದರಿಂದ. ನಮ್ಮ ಕಡೆ ಕೆರೆಗಳಲ್ಲಿ ಸಾಕೋ ದೊಡ್ಡ ಸಿಹಿನೀರು ಸೀಗಡಿ ಇದ್ಯಲ್ಲ, ಅದರ ಮರಿಗೆ ಮೊದಲು ಸ್ವಲ್ಪ ಉಪ್ಪು ನೀರು ಬೇಕು, ಮನೇಲಿ ಮರಿ ಮಾಡಿಸೋದು ತಲೆನೋವು. ರೆಡ್‌ಕ್ಲಾ ಮರಿ ತಾಯಿ ಹೊಟ್ಟೆ ಕೆಳಗಿಂದ ಇಳಿಯುವಾಗಲೇ ಪುಟ್ಟ ರೆಡ್‌ಕ್ಲಾ ಆಗಿ ಇಳಿಯತ್ತೆ. ನಾನು ಇದನ್ನೇ ಆರಿಸಿದ್ದು ಅದಕ್ಕೆ, ಜೊತೆಗೆ ಇಲ್ಲಿ ಟಿಲಾಪಿಯಾ ಇಡೋ ಹಾಗೇ ಇಲ್ಲ. ಊರಿನವರ ಅಕ್ವಾಪೋನಿಕ್ಸ್ ವಿಡಿಯೋ ನೋಡಿದ್ರೆ ಸುಮಾರು ಕಡೆ ಟಿಲಾಪಿಯಾ, ಕ್ವೀನ್ಸ್‌ಲ್ಯಾಂಡಲ್ಲಿ ಅದು ನಿಷೇಧಿತ ಮೀನು, ಮನೇಲಿ ಇಟ್ರೆ ದಂಡ. ಹಂಗೇ ಇದನ್ನ ಓದಿ ಯಾರೂ ಊರಲ್ಲಿ ಕ್ರೇಫಿಶ್ ತಂದು ಕೆರೆಗೆ ಬಿಡೋ ಯೋಚನೆ ಮಾಡ್ಬೇಡಿ, ಹೊರಗಿನ ಕ್ರೇಫಿಶ್ ಹೊಳೆ ಸೇರಿದ್ರೆ ತೆಗೆಯೋಕಾಗಲ್ಲ.

ಮೊದಲನೇ ಸಲ ಕಟ್ಟಿದ್ದು ಎಲ್ಲರೂ ಕಟ್ಟೋ ಹಾಗೇ. 1000 ಲೀಟರ್‌ನ ಐಬಿಸಿ ಟ್ಯಾಂಕ್, ಅದೇ ಕಬ್ಬಿಣದ ಪಂಜರದೊಳಗೆ ಬಿಳಿ ಪ್ಲಾಸ್ಟಿಕ್ ಡಬ್ಬ ಇರೋದು, ಸೆಕೆಂಡ್ ಹ್ಯಾಂಡ್ 80 ಡಾಲರ್‌ಗೆ ಸಿಕ್ತು. ತಗೊಳ್ಳೋ ಮುಂಚೆ ಒಳಗೆ ಮೊದಲು ಏನಿತ್ತು ಅಂತ ಕೇಳ್ಲೇಬೇಕು. ನಮ್ಮದ್ರಲ್ಲಿ ಗ್ಲುಕೋಸ್ ಸಿರಪ್ ಇತ್ತು, ಲೇಬಲ್ ಇನ್ನೂ ಅಂಟ್ಕೊಂಡಿತ್ತು, ಇರುವೆ ಸಾಕ್ಷಿ ಹೇಳ್ತಿತ್ತು. ಕೆಮಿಕಲ್ ಇದ್ದಿದ್ದು ಪುಕ್ಕಟೆ ಕೊಟ್ರೂ ಬೇಡ. ಗ್ರೈಂಡರ್‌ನಲ್ಲಿ ಮೇಲಿಂದ 35 ಸೆಂಟಿಮೀಟರ್ ಬಿಟ್ಟು ಸುತ್ತ ಕೊಯ್ದು, ಮೇಲಿನ ತುಂಡನ್ನ ಬೋರಲು ಹಾಕಿದ್ರೆ ಅದೇ ಬೆಡ್, ಕೆಳಗಿಂದು ಸುಮಾರು 700 ಲೀಟರ್ ತೊಟ್ಟಿ. ಪ್ಲಾಸ್ಟಿಕ್‌ನಲ್ಲಿ ಬೆಳಕು ಹಾಯತ್ತೆ, ಹಾಗೇ ಬಿಟ್ರೆ ಎರಡು ವಾರದಲ್ಲಿ ನೀರು ಪಾಚಿ ಕಷಾಯ, ಹೊರಗಿಂದ ಕಪ್ಪು ಪೇಂಟ್ ಎರಡು ಕೋಟ್ ಹೊಡೆದೆ.

ಬೆಡ್‌ಗೆ ಮಣ್ಣಿನ ಗೋಲಿ ಹಾಕೋಣ ಅಂತ ಆಸೆ ಇತ್ತು, 300 ಲೀಟರ್‌ಗೆ ರೇಟ್ ಕೇಳಿ ವಾಪಸ್ ಬಂದೆ. ಕೊನೆಗೆ 10ರಿಂದ 20 ಎಂಎಂ ಜಲ್ಲಿ. ತರೋ ಮುಂಚೆ ಒಂದು ಹಿಡಿ ತಂದು ವಿನೆಗರ್‌ನಲ್ಲಿ ಹಾಕಿ ನೋಡಿ, ಗುಳ್ಳೆ ಬಂದ್ರೆ ಸುಣ್ಣದ ಕಲ್ಲು ಇದೆ ಅಂತ, ನೀರಿನ ಪಿಎಚ್ 8ರ ಹತ್ರ ಹೋಗಿ ಕೂತ್ಕೊಳ್ಳತ್ತೆ, ಗಿಡಕ್ಕೆ ಕಬ್ಬಿಣದ ಅಂಶ ಸಿಗಲ್ಲ. ಇನ್ನೊಂದು ಏನಂದ್ರೆ ತೂಕ. 300 ಲೀಟರ್ ಜಲ್ಲಿ ಅಂದ್ರೆ 450 ಕಿಲೋಗಿಂತ ಕಮ್ಮಿ ಇರಲ್ಲ, ಮೇಲೆ ನೀರು ಬೇರೆ. ನಾನು ಮರದ ಸ್ಟ್ಯಾಂಡ್ ಮಾಡೋಕೆ ಹೊರಟಿದ್ದೆ, ಹೆಂಡತಿ ಲೆಕ್ಕ ಹಾಕಿ ತೋರಿಸಿದ ಮೇಲೆ ಕಾಂಕ್ರೀಟ್ ಬ್ಲಾಕ್‌ಗೆ ಬಂದೆ. ಆ ಜಲ್ಲಿ ತೊಳೆದ ದಿನ ಸೊಂಟ ಹೋಯ್ತು, ಅದನ್ನ ವಿವರಿಸಲ್ಲ.

ತುಂಬಿದ ಬೆಡ್ಡನ್ನ ತಾನಾಗೇ ಖಾಲಿ ಮಾಡೋ ಬೆಲ್ ಸೈಫನ್ ಬಗ್ಗೆ ಮಾತ್ರ ವಿವರಿಸ್ತೀನಿ, ಮೂರು ವಾರ ಅದರ ಹಿಂದೆ ಹೋಗಿದೆ. ಬೆಡ್ ಮಧ್ಯೆ 25 ಎಂಎಂ ಪೈಪ್ ನಿಲ್ಲಿಸಿರ್ತೀವಿ, ಅದು ಜಲ್ಲಿಯ ಮೇಲ್ಮೈಗಿಂತ ಒಂದು 5 ಸೆಂಟಿಮೀಟರ್ ಕೆಳಗೆ ನಿಲ್ಲಬೇಕು, ಮೇಲೆ ಒಣ ಇದ್ರೆ ಪಾಚಿ ಆಗಲ್ಲ. ಅದರ ಮೇಲೆ 65 ಎಂಎಂ ಪೈಪ್ ಮುಚ್ಚಳ ಹಾಕಿ ಬೋರಲು, ಬುಡದಲ್ಲಿ ಕಚ್ಚು, ಇದೇ ಬೆಲ್. ಅದರ ಹೊರಗೆ 100 ಎಂಎಂ ಪೈಪ್‌ಗೆ ತೂತು ಕೊರೆದು ಜಲ್ಲಿ ಒಳಗೆ ಬರದ ಹಾಗೆ. ನೀರು ತುಂಬ್ತಾ ಬಂದು ಒಳ ಪೈಪ್ ತುದಿ ದಾಟಿದ ಕೂಡ್ಲೆ ಗಾಳಿ ಎಳೆದು ಗಡಗಡ ಅಂತ ಪೂರ್ತಿ ಬೆಡ್ ಖಾಲಿ ಮಾಡತ್ತೆ, ಬುಡದ ಕಚ್ಚಲ್ಲಿ ಗಾಳಿ ನುಗ್ಗಿದಾಗ ನಿಲ್ಲತ್ತೆ, ಮತ್ತೆ ತುಂಬತ್ತೆ. ಕರೆಂಟಿನ ಸ್ವಿಚ್ ಏನೂ ಇಲ್ಲ. ಬೇರಿಗೆ ಒಂದ್ಸಲ ನೀರು, ಒಂದ್ಸಲ ಗಾಳಿ. ನಮ್ಮದು ಶುರುನೇ ಆಗ್ತಿರ್ಲಿಲ್ಲ, ತುದೀಲಿ ಸುಮ್ನೆ ಜಿನುಗ್ತಾ ಇತ್ತು, ಬಂದಷ್ಟು ನೀರು ಹೋಗ್ತಿತ್ತು. ಪಂಪ್ ಡಬ್ಬದ ಮೇಲೆ ಗಂಟೆಗೆ 2000 ಲೀಟರ್ ಅಂತ ಬರೆದಿದ್ದನ್ನ ನಂಬಿದ್ದೆ, ಅದು ಎತ್ತರ ಇಲ್ಲದಾಗಿನ ಲೆಕ್ಕ. 10 ಲೀಟರ್ ಬಕೆಟ್ ಹಿಡಿದು ನೋಡಿದ್ರೆ ತುಂಬೋಕೆ 50 ಸೆಕೆಂಡ್, ಅಂದ್ರೆ ಗಂಟೆಗೆ 720 ಲೀಟರ್ ಅಷ್ಟೇ. ಸರಿ ಹೋಗಿದ್ದು ಎರಡು ಬದಲಾವಣೆಯಿಂದ. ಒಳ ಪೈಪ್ ತಲೆಗೆ 40ರಿಂದ 25ಕ್ಕೆ ಇಳಿಯೋ ರೆಡ್ಯೂಸರ್ ಹಾಕಿ ಆಲಿಕೆ ತರ ಮಾಡ್ದೆ, ಬೆಡ್ ಕೆಳಗೆ ಹೊರಹೋಗೋ ಪೈಪ್‌ಗೆ ಒಂದರ ಹಿಂದೆ ಒಂದು ಎರಡು ಎಲ್ಬೋ ಹಾಕ್ದೆ, ನೀರು ಒಂದು ಕ್ಷಣ ತಡೆದು ಪೈಪ್ ಪೂರ್ತಿ ತುಂಬ್ಕೊಳ್ಳತ್ತೆ. ಅವತ್ತಿಂದ ಶುರು ಆಯ್ತು, ನಿಲ್ಲೋದು ನಿಂತೋಯ್ತು! ಸೊರ್ ಸೊರ್ ಅಂತ ಗಾಳಿ ನೀರು ಎರಡೂ ಎಳೀತಾ ಇತ್ತು. ಅದಕ್ಕೆ ಬೆಲ್ ಮುಚ್ಚಳದಿಂದ ಬುಡದವರೆಗೆ ಸಣ್ಣ ಟ್ಯೂಬ್ ಇಳಿಬಿಟ್ಟೆ, ನೀರು ಟ್ಯೂಬ್ ಬಾಯಿಗಿಂತ ಕೆಳಗೆ ಹೋದ ಕೂಡ್ಲೆ ಗಾಳಿ ನೇರ ತಲೆಗೆ ನುಗ್ಗಿ ಸೈಫನ್ ಕಡಿಯತ್ತೆ. ಆ ಟ್ಯೂಬ್ ಬೆಲೆ ಒಂದು ಡಾಲರ್ ಕೂಡ ಇಲ್ಲ.

ಆಮೇಲೆ ಪ್ರಾಣಿ ಹಾಕದೆ ಬರೀ ಅಮೋನಿಯಾ ಹನಿ ಹಾಕಿ ಐದು ವಾರ ಓಡಿಸ್ದೆ, ಅಮೋನಿಯಾ ನೈಟ್ರೈಟ್ ಎರಡೂ ಸೊನ್ನೆ ಬರೋವರೆಗೆ. ನೀರು ಮಳೆ ಟ್ಯಾಂಕಿಂದು. ಬ್ರಿಸ್ಬೇನ್‌ನ ನಲ್ಲಿ ನೀರಲ್ಲಿ ಕ್ಲೋರಮೈನ್ (ಕ್ಲೋರಿನ್ ಅಮೋನಿಯಾ ಸೇರಿದ್ದು) ಇರತ್ತೆ, ಊರಲ್ಲಿ ಮಾಡೋ ಹಾಗೆ ಬಕೆಟ್‌ನಲ್ಲಿ ಒಂದು ದಿನ ಇಟ್ರೆ ಹಾರಿ ಹೋಗೋ ಕ್ಲೋರಿನ್ ಅಲ್ಲ ಇದು. ಮಳೆ ಇಲ್ಲದ ತಿಂಗಳು ನಲ್ಲಿ ನೀರು ಹಾಕೋದಾದ್ರೆ ಅದನ್ನ ಮುರಿಯೋಕೆ ಸೋಡಿಯಂ ಥಯೋಸಲ್ಫೇಟ್ ಹಾಕ್ತೀನಿ.

ಅಕ್ಟೋಬರಲ್ಲಿ 30 ಮರಿ ತಂದೆ, ಬೆರಳಿನ ಎರಡು ಗೆಣ್ಣಷ್ಟು ಉದ್ದ. ತೊಟ್ಟಿ ತಳಕ್ಕೆ ನಾಲ್ಕು ಪೈಪ್ ತುಂಡು, ಎರಡು ಹೆಂಚು. ದಿನಾ ಸಂಜೆ ಮುಳುಗೋ ಪೆಲೆಟ್ (ಗುಳಿಗೆ ತರದ ಆಹಾರ) ಒಂದು ಚಮಚ. ಎಷ್ಟು ತಿಂದ್ವು ಅಂತ ಕಾಣ್ತಿರ್ಲಿಲ್ಲ, 70 ಸೆಂಟಿಮೀಟರ್ ಆಳ, ಒಳಗೆ ಕತ್ತಲು. 2024ರ ಜನವರೀಲಿ ಪಂಪ್ ಕಟ್ಕೊಂಡು ನೀರು ಇಳಿಸಿದಾಗ ಎಣಿಸಿದೆ, 11. ಸತ್ತಿದ್ದು ಒಂದೂ ಕಂಡಿರ್ಲಿಲ್ಲ, ವಾಸನೆ ಇಲ್ಲ, ಅಮೋನಿಯಾ ಏರಿಲ್ಲ. 19 ಎಲ್ಲಿ ಹೋದ್ವು ಅಂದ್ರೆ, ಉಳಿದ 11ರ ಹೊಟ್ಟೆಗೆ. ಅವು ಬೆಳೆಯೋಕೆ ಚಿಪ್ಪು ಕಳಚ್ತವೆ, ಕಳಚಿದ ಒಂದೆರಡು ದಿನ ಮೈ ಮೆತ್ತಗೆ, ಅಡಗೋಕೆ ಜಾಗ ಇಲ್ಲದಿದ್ರೆ ಪಕ್ಕದವನು ಬಿಡಲ್ಲ.

ಆ ತೊಟ್ಟಿ ಮುಂದೆ ಮಂಡಿಯೂರಿ ಕೂತಾಗ ತಲೆಗೆ ಹೋಗಿದ್ದು ಇದು. ನಾನು ಮೀನಿನ ಲೆಕ್ಕದಲ್ಲಿ ಲೀಟರ್ ಎಣಿಸ್ತಿದ್ದೆ. ಮೀನಿಗೆ ನೀರಿನ ಆಳನೂ ಮನೆನೇ. ಇದಕ್ಕೆ ಹಾಗಲ್ಲ, ಇದು ನಡೆಯೋ ಪ್ರಾಣಿ, ಇದರ ಮನೆ ಅಂದ್ರೆ ನೆಲ. 700 ಲೀಟರ್ ನೀರಿದ್ರೂ ನೆಲ ಇದ್ದಿದ್ದು 1.2 ಚದರ ಮೀಟರ್, ಮೇಲಿನ 60 ಸೆಂಟಿಮೀಟರ್ ನೀರು ಅವಕ್ಕೆ ಬರೀ ಆಕಾಶ. 30 ಜನಾನ ಒಂದು ಕೋಣೇಲಿ ಕೂಡಿಹಾಕಿ ಸೀಲಿಂಗ್ ಎತ್ತರ ಇದೆಯಲ್ಲ ಅಂತ ಹೇಳಿದ ಹಾಗಾಗಿತ್ತು.

ಹಾಗಾಗಿ ಕಿತ್ತೆ. ಫೆಬ್ರವರಿ ಮಾರ್ಚ್ ಎರಡು ತಿಂಗಳು ಶನಿವಾರ ಭಾನುವಾರ ಅದೇ ಕೆಲಸ. ಕಾಂಕ್ರೀಟ್ ಬ್ಲಾಕ್ ಸಾಲಾಗಿ ಇಟ್ಟು 2.4 ಮೀಟರ್ ಉದ್ದ 1.2 ಮೀಟರ್ ಅಗಲದ ಅಗಲ ತೊಟ್ಟಿ, ನೀರು 35 ಸೆಂಟಿಮೀಟರ್. ನೀರು ಸುಮಾರು 1000 ಲೀಟರ್, ನೆಲ ಸುಮಾರು 2.9 ಚದರ ಮೀಟರ್. ಮರದ ಸ್ಲೀಪರ್ (ದಪ್ಪ ಹಲಗೆ) ಸುಲಭ ಇತ್ತು, ಆದ್ರೆ ಅಂಗಡೀಲಿ ಸಿಗೋ ಹಸಿರು ಬಣ್ಣದ ಟ್ರೀಟೆಡ್ ಪೈನ್‌ನಲ್ಲಿ ತಾಮ್ರ ಇರತ್ತೆ, ತಾಮ್ರ ಇವಕ್ಕೆ ವಿಷ. ಅದೇ ಕಾರಣಕ್ಕೆ ಹಳೆ ಹಿತ್ತಾಳೆ ನಲ್ಲಿ, ಹಿತ್ತಾಳೆ ಜಾಯಿಂಟ್ ಎಲ್ಲ ತೆಗೆದು ಪ್ಲಾಸ್ಟಿಕ್ ಹಾಕ್ದೆ. ತಳಕ್ಕೆ ಹಳೆ ಕಾರ್ಪೆಟ್, ಅದರ ಮೇಲೆ ರಬ್ಬರ್ ಲೈನರ್. ಮೂಲೆ ಮಡಿಕೆ ಹಾಕೋಕೆ ಬರ್ತಿರ್ಲಿಲ್ಲ, ಕೊನೆಗೆ ಹೆಂಡತಿ ಗಿಫ್ಟ್ ಪ್ಯಾಕ್ ಮಾಡೋ ತರ ಮಡಚಿ ಕೊಟ್ಲು, ಇವತ್ತಿಗೂ ಸೋರಿಲ್ಲ. ಹಳೇ 700 ಲೀಟರ್ ತೊಟ್ಟಿನ 30 ಸೆಂಟಿಮೀಟರ್‌ಗೆ ಕೊಯ್ದು ಎರಡನೇ ಬೆಡ್ ಮಾಡ್ದೆ, ಅಂದ್ರೆ ಇನ್ನೊಂದು ಸಲ ಜಲ್ಲಿ ತೊಳೆಯೋದು. ಪಂಪ್ ಒಂದು ಸೈಜ್ ದೊಡ್ಡದು ತಂದೆ, 40 ವ್ಯಾಟ್, ಗಾಳಿ ಪಂಪ್ 10 ವ್ಯಾಟ್, ಎರಡೂ ಸೇರಿ ದಿನಕ್ಕೆ 1.2 ಯೂನಿಟ್.

ತೊಟ್ಟಿ ಅಂಚಿಗೂ ನೀರಿಗೂ ಮಧ್ಯೆ ಜಾಗ ಬಿಡೋದು ಮರೀಬೇಡಿ. ಒಂದೊಂದು ಬೆಡ್ ತುಂಬಿದಾಗ ಜಲ್ಲಿ ಸಂದೀಲಿ ಸುಮಾರು 120 ಲೀಟರ್ ನೀರು ನಿಂತಿರತ್ತೆ, ಎರಡೂ ಒಟ್ಟಿಗೆ ಖಾಲಿಯಾದ್ರೆ ತೊಟ್ಟಿ ನೀರು 8 ಸೆಂಟಿಮೀಟರ್ ಏರತ್ತೆ. ನಾನು 12 ಬಿಟ್ಟಿದೀನಿ.

ಇನ್ನು ಅವು ಅಡಗೋ ಅಪಾರ್ಟ್‌ಮೆಂಟ್. 50 ಎಂಎಂ ಪಿವಿಸಿ ಪೈಪ್‌ನ 20 ಸೆಂಟಿಮೀಟರ್ ತುಂಡು ಮಾಡಿ ಒಂಬತ್ತೊಂಬತ್ತು ಸೇರಿಸಿ ಕಟ್ಟಿ ಮೂರು ಮಹಡಿ. ಎರಡೂ ಕಡೆ ತೆರೆದಿರ್ಲೇಬೇಕು, ಒಂದು ಕಡೆ ಮುಚ್ಚಿದ್ರೆ ಒಳಗಿದ್ದಿದ್ದು ಸಿಕ್ಕಿಬೀಳತ್ತೆ, ದೊಡ್ಡದು ಬಾಗಿಲಲ್ಲಿ ನಿಂತು ಊಟ ಮಾಡತ್ತೆ. ಮರಿಗಳಿಗೆ ಈರುಳ್ಳಿ ಬರೋ ಬಲೆ ಚೀಲ ಮುದ್ದೆ ಮಾಡಿ ಕಟ್ಟಿ ಇಳಿಬಿಡೋದು, ನೂರು ರೂಪಾಯಿಗೂ ಬೆಲೆ ಬಾಳದ ಆ ಚೀಲ ಈ ಇಡೀ ಸಿಸ್ಟಮ್‌ನಲ್ಲಿ ನಾನು ಹಾಕಿದ ಅತ್ಯುತ್ತಮ ಸಾಮಾನು. ಅಕ್ಕಪಕ್ಕದ ಇಂಡಿಯನ್ ಮನೆಯವರೆಲ್ಲ ಈಗ ಈರುಳ್ಳಿ ಚೀಲ ನಮಗೇ ಎತ್ತಿಡ್ತಾರೆ. 2024ರ ಸೆಪ್ಟೆಂಬರಲ್ಲಿ 40 ಹೊಸ ಮರಿ ಬಿಟ್ಟೆ, ಹಳೇ 11 ಅಷ್ಟೊತ್ತಿಗೆ ಫ್ರೆಂಡ್ ಮನೆ ಟ್ಯಾಂಕಿಗೆ ಹೋಗಿದ್ವು, ದೊಡ್ಡದು ಚಿಕ್ಕದು ಒಟ್ಟಿಗೆ ಬೇಡ ಅಂತ.

ಅಕ್ಟೋಬರಲ್ಲಿ ಒಂದು ಮಳೆ ರಾತ್ರಿ ಕಳೆದು ಬೆಳಗ್ಗೆ ಪಕ್ಕದ ಮನೆ ಅಜ್ಜ ಬೇಲಿ ಹತ್ರ ಬಕೆಟ್ ಹಿಡ್ಕೊಂಡು ನಿಂತಿದ್ರು, ಒಳಗೆ ನಮ್ಮದೇ ರೆಡ್‌ಕ್ಲಾ, ಅವರ ನಾಯಿ ಅದನ್ನ ನೋಡಿ ಒಂದು ಗಂಟೆ ಬೊಗಳಿತ್ತಂತೆ. ನಾನು ಬಲೆ ಮುಚ್ಚಿದ್ದೆ, ಆದ್ರೂ ಹೋಗಿದೆ. ಎಲ್ಲಿಂದ ಅಂತ ರಾತ್ರಿ ಟಾರ್ಚ್ ಹಿಡ್ಕೊಂಡು ಕೂತು ನೋಡಿದೆ. ಇವು ನೀರು ಎಲ್ಲಿಂದ ಬರತ್ತೋ ಅತ್ತ ಕಡೆ ನಡೀತವೆ, ಹೊಳೇಲಿ ಪ್ರವಾಹಕ್ಕೆ ಎದುರು ಹೋಗೋ ಅಭ್ಯಾಸ. ಇಲ್ಲಿನ ಫಾರ್ಮ್‌ಗಳಲ್ಲಿ ಹಿಡಿಯೋದೂ ಹಾಗೇ, ಕೊಳ ಖಾಲಿ ಮಾಡ್ತಾ ಒಂದು ಕಡೆಯಿಂದ ಹೊಸ ನೀರು ಬಿಡ್ತಾರೆ, ಎಲ್ಲ ಸಾಲಾಗಿ ಅದನ್ನ ಹುಡುಕ್ಕೊಂಡು ಹತ್ತಿ ಪೆಟ್ಟಿಗೆಗೆ ಬೀಳ್ತವೆ. ನಮ್ಮ ತೊಟ್ಟೀಲಿ ಸೈಫನ್ ಗಡಗಡ ಅಂದಾಗೆಲ್ಲ ಇವಕ್ಕೆ ಮಳೆಗಾಲ. ಸೈಫನ್ ಪೈಪ್ ನೀರಿನೊಳಗೆ ಮುಳುಗಿತ್ತು, ಅದನ್ನೇ ತಬ್ಬಿ ಹತ್ತಿ ಬೆಡ್ ಕೆಳಗಿನ ಸಂದೀಲಿ ಹೊರಗೆ. ಇನ್ನೊಂದು ಗಾಳಿ ಪಂಪ್‌ನ ಟ್ಯೂಬ್ ಹಿಡ್ಕೊಂಡು ಸರ್ಕಸ್ ಮಾಡ್ತಿತ್ತು. ಪೈಪ್‌ನ ನೀರಿನಿಂದ 15 ಸೆಂಟಿಮೀಟರ್ ಮೇಲಕ್ಕೆ ಕೊಯ್ದೆ, ಗಾಳಿ ಟ್ಯೂಬ್ ಗೋಡೆಗೆ ತಾಗದ ಹಾಗೆ ಮಧ್ಯದಿಂದ ಇಳಿಬಿಟ್ಟೆ, ತೊಟ್ಟಿ ಒಳ ಅಂಚಿಗೆ ಸುತ್ತ ನುಣುಪು ಅಲ್ಯುಮಿನಿಯಂ ಪಟ್ಟಿ ಹೊಡೆದೆ. ಮೇಲಿಂದ ಬೀಳೋ ನೀರಿಂದ ಗಾಳಿನೂ ಚೆನ್ನಾಗಿ ಬೆರೆಯತ್ತೆ, ಅದೊಂದು ಲಾಭ. ಅದಾದ್ಮೇಲೆ ಒಂದೂ ಓಡಿಲ್ಲ, ಅಜ್ಜನಿಗೆ ಸ್ವಲ್ಪ ಬೇಜಾರು.

ಸುಣ್ಣದ ವಿಷಯ. ನವೆಂಬರಲ್ಲಿ ಎರಡು ಚಿಪ್ಪು ಕಳಚಿ ಮೂರು ದಿನ ಆದ್ರೂ ಗಟ್ಟಿ ಆಗದೆ ಸತ್ವು. ನೀರು ಟೆಸ್ಟ್ ಮಾಡಿದ್ರೆ ಪಿಎಚ್ 6.0, ಕೆಎಚ್ (ಆಮ್ಲ ತಡೆಯೋ ಕಾರ್ಬೊನೇಟ್ ಎಷ್ಟಿದೆ ಅನ್ನೋ ಅಳತೆ) 1. ಮಳೆ ನೀರಲ್ಲಿ ಸುಣ್ಣ ಇರಲ್ಲ, ಮೇಲೆ ಆ ಬ್ಯಾಕ್ಟೀರಿಯಾ ಅಮೋನಿಯಾ ಒಡೆಯುವಾಗ ಆಮ್ಲ ಬಿಡತ್ತೆ, ದಿನಾ ಸ್ವಲ್ಪ ಸ್ವಲ್ಪ ಪಿಎಚ್ ಇಳೀತಾ ಹೋಗತ್ತೆ. ಇವು ಚಿಪ್ಪು ಕಳಚೋ ಮುಂಚೆ ಸುಣ್ಣನ ಹೊಟ್ಟೇಲಿ ಎರಡು ಬಿಳಿ ಕಲ್ಲು ಮಾಡಿ ಉಳಿಸಿಟ್ಕೊಳ್ತವೆ, ಹೊಸ ಚಿಪ್ಪಿಗೆ ಅದು ಮುಂಗಡ ಹಣ ಇದ್ದಂಗೆ, ಉಳಿದಿದ್ದು ನೀರಿಂದ, ಆಹಾರದಿಂದ ಬರಬೇಕು. ಹಂಗಾಗಿ ಕಳಚಿದ ಹಳೆ ಚಿಪ್ಪನ್ನ ಗಲೀಜು ಅಂತ ತೆಗೆದು ಬಿಸಾಕ್ಬೇಡಿ, ಅದನ್ನೇ ತಿಂತವೆ. ಕೋಳಿಗೆ ಹಾಕೋ ಶೆಲ್ ಗ್ರಿಟ್ (ಚಿಪ್ಪಿನ ಚೂರು) ಎರಡು ಕಿಲೋ ತಂದು ಚೀಲದಲ್ಲಿ ಕಟ್ಟಿ ಸೈಫನ್ ನೀರು ಬೀಳೋ ಜಾಗಕ್ಕೆ ಇಟ್ಟೆ. ನಮ್ಮೂರಲ್ಲಿ ಹೊಳೆ ಚಿಪ್ಪು ಸುಟ್ಟು ಎಲೆಯಡಿಕೆ ಸುಣ್ಣ ಮಾಡ್ತಿದ್ರು, ಅದೇ ಸಾಮಾನು ಇಲ್ಲಿ ದುಡ್ಡು ಕೊಟ್ಟು ತಂದೆ. ಹದಿನೈದು ದಿನದಲ್ಲಿ ಕೆಎಚ್ 4, ಪಿಎಚ್ 7.1. ಈಗ ತಿಂಗಳಿಗೊಂದ್ಸಲ ಪೊಟ್ಯಾಸಿಯಂ ಬೈಕಾರ್ಬೊನೇಟ್ ಒಂದೆರಡು ಚಮಚ ಕೂಡ ಕರಗಿಸಿ ಹಾಕ್ತೀನಿ, ಬೆಂಡೆ ಟೊಮೆಟೊಗೆ ಪೊಟ್ಯಾಶ್ ಸಿಕ್ಕ ಹಾಗೂ ಆಯ್ತು.

ಡಿಸೆಂಬರ್‌ದು ಬರೆಯೋಕೆ ಇಷ್ಟ ಇಲ್ಲ, ಆದ್ರೂ ಬರೀಬೇಕು. ಬೆಂಡೆ ಗಿಡದ ಕುಡಿ ತುಂಬ ಹೇನು. ಹಾರ್ಡ್‌ವೇರ್ ಅಂಗಡೀಲಿ ಪೈರೆಥ್ರಮ್ ಸ್ಪ್ರೇ ನೋಡಿದೆ, ಸೇವಂತಿಗೆ ಜಾತಿ ಹೂವಿಂದ ತೆಗೆದಿದ್ದು, ನ್ಯಾಚುರಲ್ ಅಂತ ದೊಡ್ಡ ಅಕ್ಷರ, ಹೂವು ತಾನೆ ಅಂತ ಸಂಜೆ ಹೊಡೆದೆ. ಹಿಂಬದೀಲಿ ಸಣ್ಣ ಅಕ್ಷರದಲ್ಲಿ ಜಲಚರಗಳಿಗೆ ಅಪಾಯ ಅಂತ ಇತ್ತು, ಮಾರನೇ ದಿನ ಓದಿದೆ. ಬೆಳಗ್ಗೆ ಹೋದ್ರೆ ತೊಟ್ಟಿ ತಳದಲ್ಲಿ ಬೆನ್ನಡಿಯಾಗಿ ಕಾಲು ನಡುಗಿಸ್ತಾ ಬಿದ್ದಿದ್ವು. ಆ ಔಷಧಿ ಹುಳದ ನರಕ್ಕೆ ಹೊಡೆಯತ್ತೆ, ಹುಳ, ಏಡಿ, ಚಟ್ಲಿ, ಇವು ಎಲ್ಲ ಒಂದೇ ದೊಡ್ಡ ಕುಟುಂಬ, ನರ ಒಂದೇ ತರ. ಎಲೆಯಿಂದ ಹನಿ ಜಲ್ಲಿಗೆ, ಜಲ್ಲಿಯಿಂದ ಸೈಫನ್‌ಗೆ, ಸೈಫನ್‌ನಿಂದ ತೊಟ್ಟಿಗೆ, ನಾನೇ ಕಟ್ಟಿದ ದಾರಿ. ಬದುಕಿದ್ದವನ್ನ ಮಳೆ ನೀರಿನ ಬಕೆಟ್‌ಗೆ ಹಾಕಿ, ಮುಕ್ಕಾಲು ನೀರು ಚೆಲ್ಲಿ, ಹೊಸ ನೀರು ತುಂಬಿ, ಆಕ್ಟಿವೇಟೆಡ್ ಕಾರ್ಬನ್ (ವಿಷ ಹೀರೋ ಇದ್ದಿಲು) ಚೀಲ ನೇತುಹಾಕಿ ಮಧ್ಯಾಹ್ನದವರೆಗೆ ಒದ್ದಾಡಿದೆ. 9 ಹೋದ್ವು, ಸೊಳ್ಳೆ ಮರಿ ತಿನ್ನೋಕೆ ಬಿಟ್ಟಿದ್ದ ರೇನ್‌ಬೋ ಮೀನು ಎರಡು. ಅದಕ್ಕೇ ಈಗ ನಮ್ಮನೇಲಿ ಸೊಳ್ಳೆ ಸ್ಪ್ರೇ, ಜಿರಳೆ ಸ್ಪ್ರೇ ಹಿತ್ತಲ ಬಾಗಿಲು ದಾಟಲ್ಲ, ಬೇವಿನೆಣ್ಣೆನೂ ಬೆಡ್ ಹತ್ರ ತರಲ್ಲ. ಹೇನು ಬಂದ್ರೆ ಪೈಪ್‌ನಿಂದ ಜೋರು ನೀರು ಹೊಡೆಯೋದು, ಹೇನು ತಿನ್ನೋ ಗುಲಗಂಜಿ ಹುಳ ಬರೋವರೆಗೆ ಕಾಯೋದು. ಎಲೆ ತಿನ್ನೋ ಹಸಿರು ಹುಳಕ್ಕೆ ಬಿಟಿ (ಹುಳ ಕೊಲ್ಲೋ ಒಂದು ಬ್ಯಾಕ್ಟೀರಿಯಾ) ಪುಡಿ ಹಾಕ್ತೀನಿ, ಅದು ಹುಳದ ಹೊಟ್ಟೇಲಿ ಮಾತ್ರ ಕೆಲಸ ಮಾಡತ್ತೆ, ಇವಕ್ಕೆ ಏನೂ ಆಗಿಲ್ಲ.

ಬೆಳೆ ವಿಷಯ ಹೇಳ್ಬೇಕಂದ್ರೆ ಬಸಳೆ ಹುಚ್ಚು ಹಿಡಿದ ಹಾಗೆ ಬೆಳೆಯತ್ತೆ, ಬ್ರಿಸ್ಬೇನ್ ಬೇಸಿಗೆ ನಮ್ಮ ಕರಾವಳಿ ಸೆಖೆನೇ. ಹರಿವೆ, ಒಂದೆಲಗ, ಪುದೀನ ಕೇಳೋದೇ ಬೇಡ, ಪುದೀನ ಬೇರು ಸೈಫನ್ ಒಳಗೆ ಹೋಗಿ ಎರಡು ಸಲ ಕಟ್ಟಿದೆ, ಈಗ ಅದನ್ನ ಕುಂಡದಲ್ಲಿ ಮಾತ್ರ. ಕೆಸು ಒಂದೇ ಗೆಡ್ಡೆ ಹಾಕಿದ್ದು, ಪತ್ರೊಡೆ ಮಾಡಿ ಸಾಕಾಗಿದೆ. ಕೊತ್ತಂಬರಿ ಬೇಸಿಗೇಲಿ ಹೂ ಬಿಟ್ಟು ಕೂತ್ಕೊಳ್ಳತ್ತೆ, ಮೇ ಜೂನ್‌ನಲ್ಲಿ ಹಾಕಿದ್ರೆ ಚೆನ್ನ. ಹೊಸ ಎಲೆ ಹಳದಿ, ನರ ಮಾತ್ರ ಹಸಿರು ಕಂಡ್ರೆ ಕಬ್ಬಿಣ ಕಮ್ಮಿ ಅಂತ, ಕೀಲೇಟೆಡ್ ಐರನ್ (ಗಿಡಕ್ಕೆ ಹೀರೋಕೆ ಸುಲಭ ಆಗೋ ಕಬ್ಬಿಣ) ಹಾಕ್ತೀನಿ. ಒಂದು ನಿಜ ಹೇಳ್ತೀನಿ, ರೆಡ್‌ಕ್ಲಾ ಅಷ್ಟೇ ನೆಚ್ಕೊಂಡ್ರೆ ಎರಡು ಬೆಡ್‌ಗೆ ಗೊಬ್ಬರ ಸಾಲಲ್ಲ. ಇವು ತಿನ್ನೋದೇ ಕಮ್ಮಿ, ಮೀನಿನಷ್ಟು ಒತ್ತಾಗಿ ಇಡೋಕೂ ಆಗಲ್ಲ, ನೈಟ್ರೇಟ್ ಯಾವತ್ತೂ ಲೀಟರ್‌ಗೆ 20 ಮಿಲಿಗ್ರಾಂ ದಾಟಲ್ಲ. ಸೊಪ್ಪಿಗೆ ಸಾಕು, ಬದನೆ ಟೊಮೆಟೊಗೆ ಕಡಲಪಾಚಿ ದ್ರಾವಣ ಮೇಲಿಂದ ಕೊಡ್ಬೇಕಾಗತ್ತೆ. ಹಾಗಂತ ಜಾಸ್ತಿ ಪೆಲೆಟ್ ಸುರಿದ್ರೆ ತಿನ್ನದೆ ಕೊಳೆಯತ್ತೆ. ಬಾಡಿದ ಸೊಪ್ಪು, ಬೇಯಿಸಿದ ಕ್ಯಾರೆಟ್, ಮಾವಿನ ಎಲೆ ಒಣಗಿದ್ದು ಹಾಕ್ತೀನಿ, ಒಣ ಎಲೆ ಮೆದುವಾಗಿ ಲೋಳೆ ಹಿಡಿದ ಮೇಲೆ ಮುಗಿಬಿದ್ದು ತಿಂತವೆ.

2025ರ ಮಾರ್ಚಲ್ಲಿ ಆಲ್ಫ್ರೆಡ್ ಚಂಡಮಾರುತ ಬಂತು. ಬ್ರಿಸ್ಬೇನ್ ಹತ್ರ ಇಂಥದ್ದು ಬರೋದೇ ಅಪರೂಪ, ಅದೂ ಸಮುದ್ರದಲ್ಲಿ ದಿನಗಟ್ಟಲೆ ತಿರುಗಾಡಿ ಸತಾಯಿಸಿ 8ನೇ ತಾರೀಕು ಬ್ರೈಬಿ ದ್ವೀಪದ ಹತ್ರ ದಡ ಹತ್ತಿತು. ಲಕ್ಷಗಟ್ಟಲೆ ಮನೆಗೆ ಕರೆಂಟ್ ಇಲ್ಲ, ನಮಗೆ 38 ಗಂಟೆ. ಮೊದಲ ಕೆಲಸ ಎರಡೂ ಬೆಡ್‌ನ ಒಳ ಪೈಪ್ ಕಿತ್ತು ನೀರು ಪೂರ್ತಿ ಇಳಿಸಿದ್ದು, ಯಾಕಂದ್ರೆ ಪಂಪ್ ನಿಂತಾಗ ಬೆಡ್ ಅರ್ಧ ತುಂಬಿ ನಿಂತಿರತ್ತೆ, ನಿಂತ ನೀರಲ್ಲಿ ಗಾಳಿ ಇಲ್ಲದೆ ಬ್ಯಾಕ್ಟೀರಿಯಾ ಸಾಯತ್ತೆ, ಬರೀ ಒದ್ದೆ ಜಲ್ಲಿ ಆದ್ರೆ ಎರಡು ದಿನ ತಡ್ಕೊಳ್ಳತ್ತೆ. ಎರಡನೇದು ಹಳೇ ಕಾರ್ ಬ್ಯಾಟರಿಗೆ 12 ವೋಲ್ಟ್ ಗಾಳಿ ಪಂಪ್. ಊಟ ಪೂರ್ತಿ ಬಂದ್. ಆದ್ರೂ ರಾತ್ರಿ ನೋಡಿದ್ರೆ ಎಲ್ಲ ನೀರಿನ ಮೇಲ್ಮೈವರೆಗೆ ಹತ್ತಿ, ಕೆಲವು ಮಗ್ಗುಲಾಗಿ ಮಲಗಿ ಅರ್ಧ ಮೈ ನೀರಿಂದ ಹೊರಗೆ. ಗಾಬರಿ ಆಯ್ತು, ಆಮೇಲೆ ಗೊತ್ತಾಯ್ತು ನೀರಲ್ಲಿ ಆಮ್ಲಜನಕ ಕಮ್ಮಿ ಆದಾಗ ಹಾಗೆ ಕಿವಿರಿಗೆ ಗಾಳಿ ತಗೊಳ್ತವೆ, ಕಿವಿರು ಒದ್ದೆ ಇರೋವರೆಗೆ ನಡೆಯತ್ತೆ. ಮೀನಾಗಿದ್ರೆ ಅಷ್ಟೊತ್ತಿಗೆ ತೇಲ್ತಿತ್ತು. ಗಾಳಿಗಿಂತ ಕಾಟ ಕೊಟ್ಟಿದ್ದು ಆಮೇಲಿನ ಮಳೆ, ತೊಟ್ಟಿಗೆ ನಾನು ಇಟ್ಟಿದ್ದ ಓವರ್‌ಫ್ಲೋ ಪೈಪ್‌ನ ಬಲೆಗೆ ಎಲೆ ಕಟ್ಕೊಂಡು ನೀರು ಅಂಚಿಗೆ ಬಂದಿತ್ತು. ಮಧ್ಯರಾತ್ರಿ ಎರಡು ಸಲ, ರೈನ್‌ಕೋಟ್ ಹಾಕ್ಕೊಂಡು, ಕೈಯಲ್ಲಿ ಎಲೆ ಬಾಚಿದೆ. ಒಂದೂ ಸಾಯ್ಲಿಲ್ಲ. ಈಗ ಓವರ್‌ಫ್ಲೋ ಎರಡಿದೆ, ಬಲೆನೂ ಅಂಗೈ ಅಗಲದ್ದು.

ಅಮ್ಮ ಏಪ್ರಿಲ್‌ನಲ್ಲಿ ಊರಿಂದ ಬಂದ್ರು. ತೊಟ್ಟಿ ಮುಂದೆ ಕುಕ್ಕರಗಾಲಲ್ಲಿ ಕೂತು ಸುಮಾರು ಹೊತ್ತು ನೋಡಿ, "ಹ್ವಾಯ್, ಇದ್ ಎಂತದಾ? ಚಟ್ಲಿಯೂ ಅಲ್ಲ, ಏಡಿಯೂ ಅಲ್ಲ" ಅಂದ್ರು. ಆಮೇಲೆ ಬೆಡ್ ಕಡೆ ನೋಡಿ ಬಸಳೆ ದಂಟು ಚಿವುಟಿ, "ಇದ್ರೊಟ್ಟಿಗೆ ಹಾಕಿದ್ರ್ ಆಯ್ತಲೆ" ಅಂತ. ಚಟ್ಲಿ ಬಸಳೆ ನಮ್ಮ ಕಡೆ ಜೋಡಿ ಅಂತ ನನಗೆ ಗೊತ್ತಿಲ್ಲದ್ದೇನಲ್ಲ, ಆದ್ರೆ ಎರಡು ವರ್ಷ ಪೈಪ್ ಲೆಕ್ಕದಲ್ಲೇ ಮುಳುಗಿದ್ದವನಿಗೆ ಅದು ಹೊಳೆದೇ ಇರ್ಲಿಲ್ಲ. ಹೇಗೂ ಮೇ ಅಂದ್ರೆ ಹಿಡಿಯೋ ಸಮಯ, ನೀರು 20 ಡಿಗ್ರಿಗಿಂತ ತಣ್ಣಗಾದ್ರೆ ಬೆಳೆಯೋದು ಹೆಚ್ಚುಕಮ್ಮಿ ನಿಲ್ಲತ್ತೆ, 10ಕ್ಕೆ ಇಳಿದ್ರೆ ಸಾಯ್ತವೆ. ಎಣಿಸಿದಾಗ 26 ಇದ್ವು, 40ರಲ್ಲಿ ನನ್ನ ಸ್ಪ್ರೇಗೆ 9, ಸುಣ್ಣಕ್ಕೆ 2, ಉಳಿದ 3 ಮಾತ್ರ ಲೆಕ್ಕಕ್ಕೆ ಸಿಗಲಿಲ್ಲ. ಮೊದಲ ಸಲದ 19 ಎಲ್ಲಿ, ಈ 3 ಎಲ್ಲಿ. 60 ಗ್ರಾಂ ದಾಟಿದ 12 ತೆಗೆದೆ, ಒಂದು ದಿನ ಶುದ್ಧ ನೀರಲ್ಲಿಟ್ಟು ಹೊಟ್ಟೆ ಖಾಲಿ ಮಾಡಿಸಿ, ಆಮೇಲೆ ಐಸ್ ನೀರಲ್ಲಿ ಅರ್ಧ ಗಂಟೆ ಇಟ್ಟು ಪೂರ್ತಿ ಮಂಪರು ಬಂದ್ಮೇಲೇ ಬಿಸಿ ನೀರಿಗೆ. ಬದುಕಿರೋದನ್ನ ನೇರ ಕುದಿಯೋ ನೀರಿಗೆ ಹಾಕೋದು ನನಗೆ ಆಗಲ್ಲ. ಬಾಲದಲ್ಲಿ ಸಿಗೋ ಮಾಂಸ ತೂಕದ ಮೂರನೇ ಒಂದು ಪಾಲೂ ಇಲ್ಲ, ಅಮ್ಮ ತಲೆ ಕೊಂಬು ಬಿಸಾಕೋಕೆ ಬಿಡ್ಲಿಲ್ಲ, ಜಜ್ಜಿ ಕುದಿಸಿ ಆ ನೀರನ್ನೇ ಗಸಿಗೆ ಹಾಕಿದ್ರು. ಬ್ಯಾಡಗಿ ಮೆಣಸು, ಕೊತ್ತಂಬರಿ, ಸ್ವಲ್ಪ ಮೆಂತ್ಯ, ಕಾಯಿ, ಹುಣಸೆ. ಚಟ್ಲಿಗಿಂತ ಸಿಹಿ ಜಾಸ್ತಿ, ಉಪ್ಪು ಕಮ್ಮಿ, "ಸಮುದ್ರದ್ ರುಚಿ ಇಲ್ಲ" ಅಂತ ಅಮ್ಮ ಅಂದ್ರೂ ಎರಡನೇ ಸಲ ಬಡಿಸ್ಕೊಂಡ್ರು.

ಚಳಿಗಾಲಕ್ಕೆ ತೊಟ್ಟಿ ಸುತ್ತ ಥರ್ಮೋಕೋಲ್ ಹಲಗೆ, ಮೇಲೆ ಅರ್ಧ ಭಾಗ ಮುಚ್ಚಳ, ರಾತ್ರಿ ಸೈಫನ್ ಬದಲು ಬರೀ ಗಾಳಿ ಪಂಪ್, ಯಾಕಂದ್ರೆ ನೀರು ಜಲ್ಲಿ ಮೇಲೆ ಹರಿದಷ್ಟೂ ತಣ್ಣಗಾಗತ್ತೆ. ಜುಲೈನಲ್ಲಿ ಕಮ್ಮಿ ಅಂದ್ರೆ 13.5 ಡಿಗ್ರಿ ತೋರಿಸ್ತು, ಎಲ್ಲ ಪೈಪ್ ಒಳಗೆ ಅಲುಗಾಡದೆ ಕೂತಿದ್ವು, ವಾರಕ್ಕೊಂದ್ಸಲ ಚೂರು ಊಟ. ಉಳಿದ 14ರಲ್ಲಿ ಒಂದು ಹೆಣ್ಣು ಅಕ್ಟೋಬರ್ ಕೊನೇಲಿ ಬಾಲ ಮಡಚ್ಕೊಂಡು ಪೈಪ್‌ನಿಂದ ಹೊರಗೇ ಬರ್ತಿರ್ಲಿಲ್ಲ. ಪೈಪ್ ಸಮೇತ ಮೆಲ್ಲಗೆ ಎತ್ತಿ ನೋಡಿದ್ರೆ ಹೊಟ್ಟೆ ಕೆಳಗೆ ಹಸಿರುಬೂದು ಬಣ್ಣದ ಮೊಟ್ಟೆ ಗೊಂಚಲು. 100 ಲೀಟರ್‌ನ ಬೇರೆ ಟಬ್‌ಗೆ ಪೈಪ್ ಸಮೇತ ಸಾಗಿಸಿ, ಸ್ಪಾಂಜ್ ಫಿಲ್ಟರ್ ಇಟ್ಟು, ಈರುಳ್ಳಿ ಚೀಲ ಎಂಟು ಇಳಿಬಿಟ್ಟೆ. ಮೊಟ್ಟೆ ಮೊದಲು ಕಂದು, ಆಮೇಲೆ ಕೆಂಪು, ಆಮೇಲೆ ಎರಡೆರಡು ಕಪ್ಪು ಚುಕ್ಕಿ ಕಣ್ಣು. ಡಿಸೆಂಬರಲ್ಲಿ ಮರಿ ಇಳಿದ ಮೇಲೆ ತಾಯಿನ ವಾಪಸ್ ತೊಟ್ಟಿಗೆ ಬಿಟ್ಟೆ. ನಿನ್ನೆ ಒಂದು ಚೀಲ ಎತ್ತಿ ಬಿಳಿ ಬಕೆಟ್‌ನಲ್ಲಿ ಒದರಿ ಎಣಿಸೋಕೆ ಕೂತೆ, 60ರ ಹತ್ರ ಬಂದಾಗ ಮಗಳು ಪಕ್ಕದಲ್ಲಿ ಜೋರಾಗಿ ಬೇರೆ ನಂಬರ್ ಎಣಿಸೋಕೆ ಶುರು ಮಾಡಿದ್ಲು, ಲೆಕ್ಕ ತಪ್ಪೋಯ್ತು. ಇನ್ನೂ ಏಳು ಚೀಲ ಇದೆ. ಇಷ್ಟಕ್ಕೆಲ್ಲ ನೆಲ ಎಲ್ಲಿಂದ ತರೋದು ಅಂತ ಹಿತ್ತಲಲ್ಲಿ ಟೇಪ್ ಹಿಡ್ಕೊಂಡು ಓಡಾಡ್ತಿದೀನಿ, ಬಟ್ಟೆ ಒಣಗಿಸೋ ಜಾಗದ ಮೇಲೆ ಕಣ್ಣಿದೆ, ಹೆಂಡತಿಗೆ ಇನ್ನೂ ಹೇಳಿಲ್ಲ.